ಹಾರೆ, ಗರಗಸ ಮತ್ತು ಬೀಗತಿ

ಕಬ್ಬಿಣದ ಅಂಗಡಿಯ ಮುಂದೆ ಹಾದುಹೋಗುವಾಗ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಕೆಲವರಿಗೆ ಮಿಠಾಯಿ ಅಂಗಡಿಯ ಮುಂದೆ ಹೀಗಾಗುತ್ತದಂತೆ, ಇನ್ನು ಕೆಲವರಿಗೆ ಜವಳಿ ಅಂಗಡಿಯ ಮುಂದೆ. ನನಗೆ ಎಣ್ಣೆ ಸವರಿ ಸಾಲಾಗಿ ನಿಲ್ಲಿಸಿದ ಹಾರೆಗಳನ್ನು, ಹಲ್ಲು ಕಿಸಿದು ಮೊಳೆಗೆ ನೇತುಬಿದ್ದ ಗರಗಸಗಳನ್ನು ಕಂಡರೆ ಎದೆಯೊಳಗೆ ಡೊಳ್ಳು ಬಾರಿಸಿದಂತಾಗುತ್ತದೆ. ಬೇಕೋ ಬೇಡವೋ, ಒಂದನ್ನೆತ್ತಿ ಕೈಯಲ್ಲಿ ತೂಗಿ, ಬೆಲೆ ಕೇಳಿ, ಹುಬ್ಬೇರಿಸಿ ಕೆಳಗಿಡದಿದ್ದರೆ ಆ ದಿನ ಊಟ ರುಚಿಸುವುದಿಲ್ಲ.

ನೀವು ನಗಬಹುದು. ಗೋಣಿಚೀಲ, ಹಗ್ಗ ಮಾರುವವನಿಗೆ ಗರಗಸದ ಮೋಹ ಯಾಕೆ ಎಂದು ಕೇಳಬಹುದು. ಬಾದನಹಟ್ಟಿಯಿಂದ ಒಂದು ಕಂಬಳಿ, ಒಂದು ಬುತ್ತಿಗಂಟಿನೊಂದಿಗೆ ಬಳ್ಳಾರಿಗೆ ಬಂದು, ಹತ್ತಿ ಗಿರಣಿಗಳ ಹಿಂದೆ ಬಿದ್ದ ಹರಕು ಚೀಲ ಆಯ್ದು, ಹೊಲಿದು ಮಾರಿ, ಅಂಗಡಿ ಎಂಬುದೊಂದನ್ನು ಮಾಡಿಕೊಂಡವನು ನಾನು. ಹಾಗೆ ಮೇಲೆ ಬಂದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಇನ್ನೊಬ್ಬನು ಕೂಲಿ ತೆಗೆದುಕೊಂಡು ಮಾಡುವ ಯಾವ ಕೆಲಸ ಕಂಡರೂ, ಇದನ್ನು ನಾನೇ ಮಾಡಿಕೊಂಡರೆ ಏನು ಉಳಿದೀತು ಎಂದು ಮನಸ್ಸು ಗುಣಾಕಾರ ಹಾಕತೊಡಗುತ್ತದೆ. ಕ್ಷೌರ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಪ್ರಯತ್ನಿಸಿದ್ದೇನೆ. ಕ್ಷೌರವನ್ನೂ ಒಮ್ಮೆ ಪ್ರಯತ್ನಿಸಿದ್ದೆ. ಆ ವಿಷಯ ಬೇಡ.

ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿ ನಾನು ಮನೆ ಕೊಂಡದ್ದೂ ಇದೇ ಲೆಕ್ಕದ ಮೇಲೆ. ಮಣ್ಣಿನ ಮಾಳಿಗೆ, ಎತ್ತು ಒರಗಿದರೂ ಅಲುಗದಂಥ ದಪ್ಪ ಕಲ್ಲುಗೋಡೆ, ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ನಡುವೆ ಒಂದು ನಡುಮನೆ. ಆ ನಡುಮನೆಗೆ ಕಿಟಕಿಯೇ ಇರಲಿಲ್ಲ. ಹಗಲಿನಲ್ಲೂ ಅಲ್ಲಿ ದೀಪ ಹಚ್ಚಬೇಕು. ಅಡಿಗೆಮನೆಯ ಹೊಗೆ ಅಲ್ಲಿಗೆ ಬಂದು ಅಜ್ಜನ ಹಾಗೆ ಕೂತುಬಿಟ್ಟರೆ ಏಳುತ್ತಿರಲಿಲ್ಲ. ಮನೆ ಅಗ್ಗವಾದದ್ದು ಅದಕ್ಕೇ. ನಾನು ಹೆಂಡತಿ ಗೌರಮ್ಮನಿಗೆ ಹೇಳಿದ್ದೆ: "ಕಿಟಕಿ ಇಲ್ಲದ ಮನಿ ಕೊಳ್ಳಬೇಕು, ಕಿಟಕಿ ನಾವ ಇಟ್ಕೋಬೇಕು. ಅದ ಲಾಭ." ಲಾಭವೇನೋ ಬಂತು, ಕಿಟಕಿ ಬರಲಿಲ್ಲ. ಮಗಳು ಶಾಂತಾ ಆ ಕತ್ತಲಲ್ಲೇ ಬೆಳೆದು, ಸಿರುಗುಪ್ಪಕ್ಕೆ ಸೊಸೆಯಾಗಿ ಹೋಗಿ, ಬಸುರಿಯೂ ಆದಳು.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಪದ್ಧತಿಗಿಂತ ಹೆಚ್ಚಾಗಿ ಅದು ಗೌರಮ್ಮನ ಆಸೆ. ಆಕೆಗೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರಿಂದ ಆಕೆಯ ಬಾಣಂತನ ಅತ್ತೆಯ ಮನೆಯಲ್ಲೇ ಆಗಿತ್ತು. ತನಗೆ ಸಿಗದ ತವರಿನ ಎಣ್ಣೆನೀರು ತನ್ನ ಒಬ್ಬಳೇ ಮಗಳಿಗಾದರೂ ಸಿಗಲಿ ಎಂದು ಆಕೆ ಶಾಂತಾಳ ಮದುವೆಯ ದಿನದಿಂದಲೇ ಹಳೆಯ ಮೆತ್ತನೆಯ ಸೀರೆಗಳನ್ನು ಮಡಚಿ ಎತ್ತಿಡುತ್ತಿದ್ದಳು. ಆದರೆ ನಮ್ಮ ಬೀಗತಿ, ಎಂದರೆ ಶಾಂತಾಳ ಅತ್ತೆ ಬಸಮ್ಮನವರು, ಒಮ್ಮೆ ನಮ್ಮ ಮನೆಗೆ ಬಂದವರು ನಡುಮನೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿ ಒಂದೇ ಮಾತು ಹೇಳಿದರು:

"ಏನವ್ವಾ ಗೌರಮ್ಮಾ, ಇದೇನು ನಡುಮನಿಯೋ, ಜ್ವಾಳ ತುಂಬೋ ಹಗೇವೋ?"

ಹಗೇವು ಎಂದರೆ ನೆಲದೊಳಗೆ ತೋಡಿದ ಧಾನ್ಯದ ಗುಂಡಿ. ಅದರೊಳಗೆ ಇಳಿದವರಿಗೆ ಉಸಿರು ಕಟ್ಟುತ್ತದೆ. ಬಸಮ್ಮನವರು ಮುಂದುವರಿಸಿದರು: "ಬಾಣಂತಿಗೆ ಅಗ್ಗಿಷ್ಟಿಕೆ ಇಡಬೇಕು, ಲೋಬಾನ ಹಾಕಬೇಕು. ಇದರಾಗ ಹೊಗಿ ಎಲ್ಲಿಗೆ ಹೋಗಬೇಕು, ಕೂಸಿನ ಮೂಗಿನಾಗ? ನಮ್ಮ ಮನ್ಯಾಗ ಹೊಳಿ ಗಾಳಿ ಆಡತೈತಿ. ಅಲ್ಲೇ ಆಗ್ಲಿ ಬಿಡು." ಮಾತು ಕಠಿಣವಾಗಿದ್ದರೂ ಸುಳ್ಳಾಗಿರಲಿಲ್ಲ, ಅದೇ ತೊಂದರೆ. ಅವರು ಹೋದ ಮೇಲೆ ಗೌರಮ್ಮ ನನಗೆ ಹೇಳಿದ್ದು ಇಷ್ಟೇ: "ಕಿಟಕಿ ಆದ್ರ ಮಗಳು ಬರ್ತಾಳ. ಇಲ್ಲಾಂದ್ರ ಇಲ್ಲ. ಇನ್ನ ನಿಮಗ ಬಿಟ್ಟಿದ್ದು."

ಇದಕ್ಕೊಂದು ಗಡುವೂ ಇತ್ತು. ಬಸುರಿ ಹೆಣ್ಣು ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಆ ಮನೆಯ ಗೋಡೆಗೆ ಕಬ್ಬಿಣ ತಾಗಬಾರದು. ಮೊಳೆ ಹೊಡೆಯುವಂತಿಲ್ಲ, ಚಾಣ ಹಿಡಿಯುವಂತಿಲ್ಲ, ಅಗೆಯುವಂತಿಲ್ಲ, ಒಡೆಯುವಂತಿಲ್ಲ. ಹೊಟ್ಟೆಯೊಳಗಿನ ಕೂಸಿಗೆ ಆ ಏಟು ಕೇಳುತ್ತದೆ ಎನ್ನುತ್ತಾರೆ ಹಿರಿಯರು. ನಾನು ಎಲ್ಲದರಲ್ಲೂ ಚೌಕಾಶಿ ಮಾಡುವವನು, ಆದರೆ ಕೂಸಿನ ವಿಷಯದಲ್ಲಿ ಯಾರು ಏನು ಹೇಳಿದರೂ ಕೇಳಿದ ಬೆಲೆಗೇ ಒಪ್ಪಿಕೊಳ್ಳುವುದು ಲೇಸು. ಆದ್ದರಿಂದ ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮುಗಿದು ಶಾಂತಾ ಬರುವುದರೊಳಗೆ ಕಿಟಕಿ ಕೂತಿರಬೇಕು ಎಂದಾಯಿತು.

ಗೌಂಡಿಯನ್ನು ಕೇಳಿದೆ. ಆತ ಗೋಡೆಗೆ ಬೆರಳಿನಿಂದ ತಟ್ಟಿ, ಆಕಾಶ ನೋಡಿ, ಒಂದು ಮೊತ್ತ ಹೇಳಿದ. ಆಕಾಶ ನೋಡಿ ಹೇಳಿದ ಬೆಲೆಯನ್ನು ನಂಬಬೇಡಿ ಎಂಬುದು ನನ್ನ ಮೊದಲ ಬುದ್ಧಿವಾದ. ನನ್ನ ತಲೆಯಲ್ಲಿ ಆಗಲೇ ಗುಣಾಕಾರ ಶುರುವಾಗಿತ್ತು. ಇವನಿಗೆ ಕೊಡುವ ಹಣದಲ್ಲಿ ಹತಾರಗಳನ್ನೇ ಕೊಂಡರೆ? ಗೌಂಡಿ ಕೆಲಸ ಮುಗಿಸಿ ಹೋಗುತ್ತಾನೆ, ಹತಾರ ಮನೆಯಲ್ಲೇ ಉಳಿಯುತ್ತದೆ. ಇವತ್ತು ಕಿಟಕಿ, ನಾಳೆ ಕಪಾಟು, ನಾಡಿದ್ದು ಅಟ್ಟ! ಆ ದಿನ ನಾನು ಮನೆಯೊಳಗೆ ನಡೆದಾಡಿದ ರೀತಿ ಕಂಡು ಗೌರಮ್ಮ, "ಏನ್ರಿ, ಲಾಟರಿ ಹೊಡೀತೇನು?" ಎಂದು ಕೇಳಿದಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ್ದನ್ನು ನೀನೇ ಒಡೆದು ನೋಡು ಎಂದು ಯಾಕೆ ಹೇಳಲಿಲ್ಲವೋ. ಅದರ ಸುಖ ಅವರಿಗೆ ತಿಳಿದಿರಲಿಕ್ಕಿಲ್ಲ.

ಯೋಚಿಸಿ ನೋಡಿ, ನಮ್ಮ ದೇವರುಗಳಲ್ಲಿ ಬರಿಗೈಯವರು ಎಷ್ಟು ಮಂದಿ? ಪರಶುರಾಮನ ಕೈಯಲ್ಲಿ ಕೊಡಲಿ, ಬಲರಾಮನ ಹೆಗಲ ಮೇಲೆ ನೇಗಿಲು, ಹನುಮಂತನಿಗೆ ಗದೆ. ಅಮ್ಮನವರಿಗಂತೂ ಕೈಗಳೇ ಸಾಲದೆ ಹೆಚ್ಚಿಸಿಕೊಳ್ಳಬೇಕಾಯಿತು. ನಾವೋ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮನೆಯ ಈಳಿಗೆಮಣೆಗೂ ಮೊಂಡು ಕುಡುಗೋಲಿಗೂ ಕುಂಕುಮ ಹಚ್ಚಿ ಕೈಮುಗಿದು, ಮಾರನೆಯ ದಿನ ಪಕ್ಕದ ಮನೆಗೆ ಹೋಗಿ "ಸುತ್ತಿಗೆ ಐತೇನ್ರಿ?" ಎಂದು ನಿಲ್ಲುತ್ತೇವೆ. ಇಂಥ ಭಕ್ತಿಯನ್ನು ವಿಶ್ವಕರ್ಮ ಹೇಗೆ ಸಹಿಸುತ್ತಾನೋ!

ಈಗ ಹತಾರ ಕೊಳ್ಳುವ ವಿದ್ಯೆ. ಇದನ್ನು ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ.

ಹಾರೆ ಕೊಳ್ಳುವುದಾದರೆ ಕುರುಗೋಡಿಗೆ ಹೋಗಿ. ಗುಡ್ಡದ ಕಲ್ಲಿನೊಂದಿಗೆ ದಿನಾ ಗುದ್ದಾಡುವ ಊರಿನಲ್ಲಿ ಕಮ್ಮಾರನು ಕಳಪೆ ಮಾಲು ಮಾರಿ ಬದುಕಲಾರ. ಮಾರಿದರೆ ಗಿರಾಕಿ ಅದೇ ಹಾರೆ ಹಿಡಿದು ವಾಪಸು ಬರುತ್ತಾನೆ. ಹಾರೆಯನ್ನು ಚಪ್ಪಡಿಯ ಮೇಲೆ ಮೆಲ್ಲಗೆ ಬಿಟ್ಟು ಸದ್ದು ಕೇಳಿ. ಗುಡಿಯ ಗಂಟೆಯ ಹಾಗೆ ಕಡೆತನಕ ಎಳೆದರೆ ಒಳ್ಳೆಯದು; ಕೆಮ್ಮಿದಂತೆ ಮುಗಿದರೆ ಒಳಗೆ ಬಿರುಕಿದೆ. ಸುತ್ತಿಗೆಯಲ್ಲಿ ತಲೆಯನ್ನು ನೋಡಬೇಡಿ, ಹಿಡಿಯನ್ನು ನೋಡಿ. ಸಂಬಂಧ ನೋಡುವಾಗ ಹುಡುಗನನ್ನಲ್ಲ, ಅವನ ತಾಯಿಯನ್ನು ನೋಡಬೇಕು ಎನ್ನುತ್ತಾರಲ್ಲ, ಹಾಗೆ. ಗರಗಸವನ್ನು ಬಿಲ್ಲಿನ ಹಾಗೆ ಬಗ್ಗಿಸಿ ಬಿಡಿ; ನೆಟ್ಟಗೆ ನಿಂತರೆ ಕೊಳ್ಳಿ, ಬಗ್ಗಿಯೇ ಉಳಿದರೆ ಅಂಗಡಿಯವನು ನೋಡುವುದರೊಳಗೆ ಜಾಗಕ್ಕಿಟ್ಟು ಹೊರಡಿ. ಗಾರೆ ಮೆತ್ತುವ ಕರಣೆಯ ಹಿಡಿ ನಿಮ್ಮ ಅಂಗೈಗೆ ಹಳೆಯ ಸ್ನೇಹಿತನ ಕೈಯಂತೆ ಕೂಡಬೇಕು. ಇನ್ನು ತೂಗುಗುಂಡು, ದಾರದ ತುದಿಗೆ ಕಟ್ಟಿದ ಒಂದು ಲೋಹದ ಗುಂಡು, ಅಷ್ಟೇ. ಆದರೆ ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ಮುಲಾಜಿಲ್ಲದೆ ಹೇಳುವ ಪ್ರಾಣಿ ಮನೆಯಲ್ಲಿ ಅದೊಂದೇ.

ಇಷ್ಟರಲ್ಲಿ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಎರಡನೆಯ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಯುದ್ಧದ ವರ್ಷಗಳಲ್ಲಿ ಒಂದು ಹಿಡಿ ಮೊಳೆ ಬೇಕೆಂದರೂ ಯಾರದಾದರೂ ಶಿಫಾರಸು ಬೇಕಿತ್ತು. ಈಗ ದಂಡಿನವರು ಬಿಟ್ಟುಹೋದ ಸಾಮಾನೆಲ್ಲ ಊರ ಹೊರಗಿನ ಬಯಲಲ್ಲಿ ಗುಡ್ಡೆ ಗುಡ್ಡೆಯಾಗಿ ಹರಾಜಿಗೆ ಬಿದ್ದಿತ್ತು. ಡೇರೆ, ಬೂಟು, ಬಕೇಟು, ಬಾಗಿಲು, ಹೆಸರೇ ಗೊತ್ತಿಲ್ಲದ ಯಂತ್ರಗಳು! ನಾನು ಮೊದಲ ಸಲ ಆ ಬಯಲಿಗೆ ಕಾಲಿಟ್ಟಾಗ, ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಜೊತೆಗೆ ನನ್ನ ಪಕ್ಕದ ಮನೆಯ ರಸೂಲ್ ಸಾಬ ಇದ್ದ. ಜಟಕಾ ಗಾಡಿಯವನು, ಎತ್ತರದ ಆಳು, ನಿಂತರೆ ಕೈ ಮೊಣಕಾಲು ಮುಟ್ಟುತ್ತದೆ. ಪುರಾಣದ ಭಾಷೆಯಲ್ಲಿ ಆಜಾನುಬಾಹು.

"ಸಾವ್ಕಾರ್ರ, ಬಾಯಿ ಮುಚ್ಕೊಳ್ಳ್ರಿ," ಎಂದ ಅವನು ಮೆಲ್ಲಗೆ. "ಆಸೆ ಕಾಣ್ತದ. ರೇಟ್ ಏರ್ತದ."

ಅಲ್ಲಿ ಒಂದು ಮುಚ್ಚಿದ ಮರದ ಪೆಟ್ಟಿಗೆ ಕೊಂಡೆ. ಒಳಗೇನಿದೆ ಎಂದು ಮಾರುವವನಿಗೂ ಗೊತ್ತಿರಲಿಲ್ಲ, ಅದರಲ್ಲೇ ಅದರ ಸೊಗಸು. ಮನೆಗೆ ತಂದು ಮುಚ್ಚಳ ಎತ್ತಿದಾಗ ಇಕ್ಕಳ, ಬೈರಿಗೆ, ಉಳಿಗಳು, ಅಳತೆಯ ಬಟ್ಟೆಪಟ್ಟಿ, ಹಿತ್ತಾಳೆಯ ಒಂದು ರಸಮಟ್ಟ, ಜೊತೆಗೆ ಎರಡು ಕಿವಿ, ಒಂದು ಬಾಲ ಇರುವ ಭಾರವಾದ ಒಂದು ಉಪಕರಣ. ಇದು ಏನಕ್ಕೆ ಬರುತ್ತದೆಂದು ಬಳ್ಳಾರಿಯಲ್ಲಿ ಯಾರೂ ಹೇಳಲಿಲ್ಲ. ಒಬ್ಬ ಮೇಸ್ತ್ರಿ ವಿಮಾನದ್ದು ಎಂದ, ಇನ್ನೊಬ್ಬ ಹಲ್ಲು ಕೀಳುವುದು ಎಂದ. ಗೌರಮ್ಮ ಅದನ್ನು ತೊಳೆದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕಿಟ್ಟಳು. ಅಂದಿನಿಂದ ನಮ್ಮ ಉಪ್ಪಿನಕಾಯಿ ಕೆಟ್ಟದ್ದಿಲ್ಲ.

ರಸಮಟ್ಟ ಮಾತ್ರ ನನ್ನನ್ನು ಹುಚ್ಚು ಹಿಡಿಸಿತು. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ. ಅದು ನಡುವೆ ನಿಂತರೆ ಕೆಳಗಿರುವುದು ಸಮ, ಅತ್ತಿತ್ತ ಸರಿದರೆ ಓರೆ. ಇಟ್ಟೆ, ನೆಲ ಓರೆ. ಕಟ್ಟೆ ಓರೆ. ಮಂಚ ಓರೆ, ದೇವರಗೂಡು ಓರೆ, ಒರಳುಕಲ್ಲು ಓರೆ. ಅಡಿಗೆಮನೆಯ ಒಲೆಯ ಮೇಲೆ ಇಡಹೋದಾಗ ಗೌರಮ್ಮ ಸೌಟು ಎತ್ತಿ, "ಸಾಕು ಮಾಡ್ರಿ," ಎಂದಳು. "ಇಷ್ಟು ವರ್ಷ ಓರೆ ಮನ್ಯಾಗ ನೆಟ್ಟಗ ಬಾಳೇವಿ. ಈಗ ಆ ಗುಳ್ಳಿ ಮಾತು ಕೇಳಿ ನನ್ನ ಒಲಿ ಕೀಳಬ್ಯಾಡ್ರಿ. ಕಿಟಕಿ ಎಲ್ಲಿ?"

ಕಿಟಕಿಯನ್ನೂ ಹರಾಜಿನಲ್ಲೇ ಹಿಡಿದಿದ್ದೆ. ದಂಡಿನವರ ಯಾವುದೋ ಕಟ್ಟಡದ್ದು. ಸಾಗುವಾನಿ ಚೌಕಟ್ಟು, ಎರಡು ಬಾಗಿಲು, ನಡುವೆ ಕಬ್ಬಿಣದ ಸರಳು. ಕಿಟಕಿಯಲ್ಲಿ ಒಂದು ಕುಲೀನತೆ ಇತ್ತು. ಆದರೆ ಅದರ ಮೇಲೆ ಬೇರೆಯವರ ಸಾಮಾನಿನ ಗುಡ್ಡೆ ಬಿದ್ದಿತ್ತು. ಅದು ತೆರವಾದ ಮೇಲೇ ಬಂಡಿಯಲ್ಲಿ ಕಳಿಸುತ್ತೇವೆ ಎಂದರು. ಸರಿ, ಅಷ್ಟರಲ್ಲಿ ಗೋಡೆಗೆ ಕಿಂಡಿ ಕೊರೆದಿಟ್ಟುಕೊಳ್ಳೋಣ ಎಂದು ಅಳತೆ ತೆಗೆದುಕೊಳ್ಳಲು ಹೇಳಿದೆ. ರಸೂಲ್ ಸಾಬ ಬಗ್ಗಿ, ಸಂದಿನಲ್ಲಿ ಕೈ ತೂರಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು, ಇನ್ನೊಂದು, ಮತ್ತರ್ಧ ಎಂದು ಅಳೆದು, "ಎರಡೂವರಿ ಮೊಳ ಎತ್ತರ" ಎಂದ.

ಇಲ್ಲಿ ಹಗ್ಗದ ವ್ಯಾಪಾರದ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹಗ್ಗ ಅಳೆಯುವುದು ಕೈಯಿಂದ. ಆದ್ದರಿಂದ ಕೊಳ್ಳುವವನು ಊರಿನಲ್ಲೇ ಉದ್ದ ಕೈಯವನನ್ನು ಜೊತೆಗೆ ಕರೆತರುತ್ತಾನೆ, ಮಾರುವವನು ತನ್ನ ಕಡೆಯ ಗಿಡ್ಡನನ್ನು ಮುಂದೆ ತಳ್ಳುತ್ತಾನೆ, ಅರ್ಧ ಗಂಟೆ ಜಗಳವಾಗಿ ಒಬ್ಬ ಮಧ್ಯಮ ಗಾತ್ರದವನು ಸಿಗುತ್ತಾನೆ. ಇದರಲ್ಲಿ ಮೋಸವಿಲ್ಲ, ಎಲ್ಲರಿಗೂ ಗೊತ್ತಿರುವ ಆಟ. ನಾನು ಕೊಳ್ಳಲು ಹೋಗುವಾಗ ರಸೂಲ್ ಸಾಬನಿಲ್ಲದೆ ಹೊರಟದ್ದೇ ಇಲ್ಲ. ಮಾರುವಾಗ ಯಾರೂ ಬೇಡ. ದೇವರು ನನಗೆ ಕೊಟ್ಟ ಕೈಗಳೇ ಸಾಕಷ್ಟು ಗಿಡ್ಡ. ಅಭ್ಯಾಸ ಎಂಥದೆಂದರೆ, ಕಿಟಕಿ ಕೊಳ್ಳುವಾಗ ಅವನ ಕೈಯಿಂದ ಅಳೆಸಿದೆ. ಮನೆಗೆ ಬಂದು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುವಾಗ ನನ್ನ ಕೈಯಿಂದ ಅಳೆದೆ. ಎರಡೂ ಎರಡೂವರೆ ಮೊಳವೇ. ಪೆಟ್ಟಿಗೆಯಲ್ಲಿ ಬಟ್ಟೆಪಟ್ಟಿ ಇತ್ತಲ್ಲ ಎನ್ನುತ್ತೀರಿ. ಅದರ ಮೊದಲ ಒಂದು ಅಡಿ ಹರಿದುಹೋಗಿತ್ತು. ಎಲ್ಲಿಂದ ಎಣಿಸಬೇಕೆಂದು ತಿಳಿಯದೆ ಮೂಲೆಗೆಸೆದಿದ್ದೆ.

ಆದರೂ ಆ ದಿನಗಳ ಸಂಭ್ರಮವನ್ನು ಏನೆಂದು ಹೇಳಲಿ! ಕಿಂಡಿ ತೆಗೆಯುವ ಮೊದಲು ಮೇಲ್ಗಡೆ ಒಂದು ಉದ್ದನೆಯ ಕಲ್ಲಿನ ಪಟ್ಟಿ ಸೇರಿಸಬೇಕು, ಇಲ್ಲವಾದರೆ ಗೋಡೆ ನಿಮ್ಮನ್ನು ಮಾತಾಡಿಸಲು ಕೆಳಗೆ ಬರುತ್ತದೆ. ಕುರುಗೋಡಿನಿಂದ ತರಿಸಿದ ಪಟ್ಟಿಯನ್ನು ನಾನೂ ರಸೂಲ್ ಸಾಬನೂ ಹಾರೆಯಲ್ಲಿ ಮೀಟಿ, "ಯಾ ಅಲ್ಲಾ" "ಹರಹರ" ಎಂದು ಇಬ್ಬರ ದೇವರನ್ನೂ ಕೂಗಿ ಕೂಡಿಸಿದೆವು. ಆಮೇಲೆ ಅದರ ಕೆಳಗಿನ ಕಲ್ಲು ಬಿಚ್ಚತೊಡಗಿದೆ. ನಮ್ಮ ಹಳೆಯ ಗೋಡೆಗಳು ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವೆ ಹೊಟ್ಟೆ ತುಂಬ ಮಣ್ಣು. ಒಂದು ಕಲ್ಲು ಎಳೆದರೆ ಬುಟ್ಟಿ ಮಣ್ಣು ಸುರಿಯುತ್ತದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಹಾರೆಯ ತುದಿ ಆಚೆ ಬದಿಗೆ ಹಾದು, ಬೆರಳಗಲದ ಬಿಸಿಲು ನಡುಮನೆಯ ನೆಲದ ಮೇಲೆ ಬಿತ್ತು. ನಾನು ಕುಣಿದೆ. ನಿಜವಾಗಿಯೂ ಕುಣಿದೆ. ಗೌರಮ್ಮ ಓಡಿಬಂದು ಆ ಬಿಸಿಲಿನಲ್ಲಿ ತನ್ನ ಅಂಗೈ ಇಟ್ಟು ನಿಂತಳು. ಎಷ್ಟೋ ಹೊತ್ತು ಕೈ ತೆಗೆಯಲಿಲ್ಲ.

ಶಾಂತಾ ಬರಲು ಇನ್ನೂ ದಿನವಿದೆ ಎಂದು ನಾವಿದ್ದೆವು. ಅಂದು ಬೆಳಿಗ್ಗೆ ಬಂಡಿಯಲ್ಲಿ ಕಿಟಕಿ ಬಂತು. ನಾನೂ ರಸೂಲ್ ಸಾಬನೂ ಎತ್ತಿ ಕಿಂಡಿಗೆ ಒಡ್ಡಿದೆವು. ಅಗಲಕ್ಕೇನೂ ತೊಂದರೆಯಿಲ್ಲ, ಅಕ್ಕಪಕ್ಕದ ಕಲ್ಲುಗಳು ಉದಾರವಾಗಿ ಉದುರಿ ಜಾಗ ಮಾಡಿದ್ದವು. ಎತ್ತರ ಮಾತ್ರ ಒಂದು ಗೇಣು ಕಡಿಮೆ. ಕಿಟಕಿ ಒಳಗೆ ಹೋಗದು.

"ಯಾ ಖುದಾ, ನಾನು ಸರಿಯಾಗಿ ಅಳದೀನಿ," ಎಂದ ರಸೂಲ್ ಸಾಬ.

"ನಾನೂ ಸರಿಯಾಗೇ ಅಳದೀನಿ," ಎಂದೆ.

ಇಬ್ಬರೂ ಕೈ ಚಾಚಿ ಪಕ್ಕಪಕ್ಕ ಹಿಡಿದು ನೋಡಿಕೊಂಡೆವು. ಅವನು ನಗಲು ಶುರುಮಾಡಿದವನು ನಿಲ್ಲಿಸಲಿಲ್ಲ. "ಸಾವ್ಕಾರ್ರ, ನಿಮ್ಮ ಮನಿಗೇ ಗಿಡ್ಡ ಕೈಲಿ ಹಗ್ಗ ಮಾರಿದ್ರಲ್ಲ!"

ಸರಿ, ಕೆಳಗಿನ ಒಂದು ಸಾಲು ಕಲ್ಲು ತೆಗೆದರಾಯಿತು, ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದು ಸುತ್ತಿಗೆ ಎತ್ತಿದೆ. ಎತ್ತಿದ ಕೈ ಇನ್ನೂ ಇಳಿದಿಲ್ಲ, ಪಡಸಾಲೆಯಿಂದ ಗೌರಮ್ಮನ ಕೂಗು:

"ಕೆಳಗಿಡ್ರಿ! ಸುತ್ತಿಗಿ ಕೆಳಗಿಡ್ರಿ! ಕೂಸು ಒಳಗ ಬಂದಾಳ!"

ತಿರುಗಿ ನೋಡಿದರೆ ಹೊಸ್ತಿಲೊಳಗೆ ಶಾಂತಾ, ಹಿಂದೆ ಬಸಮ್ಮನವರು. ಅಮಾವಾಸ್ಯೆ ಹತ್ತಿರ ಬಂತು, ಅದಕ್ಕೆ ಮೊದಲೇ ಹೊರಡುವುದು ಒಳ್ಳೆಯದೆಂದು ಅವರ ಮನೆಗೆ ಪಂಚಾಂಗ ನೋಡುವ ಅಯ್ಯನವರು ಹೇಳಿದ್ದರಿಂದ, ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಮುಂಚಿತವಾಗಿಯೇ ಬಂದುಬಿಟ್ಟಿದ್ದರು. ಬಸಮ್ಮನವರು ಕಾಲಿಗೆ ನೀರನ್ನೂ ತೆಗೆದುಕೊಳ್ಳದೆ ನೇರವಾಗಿ ನಡುಮನೆಗೆ ಬಂದರು. ಗೋಡೆಯಲ್ಲಿ ಹಲ್ಲು ಬಿದ್ದ ಬಾಯಿಯಂಥ ಕಿಂಡಿ, ನೆಲದ ತುಂಬ ಮಣ್ಣು, ಮಣ್ಣಿನ ನಡುವೆ ನಾನು.

"ಏನ್ರಿ ಬೀಗರ, ಗೋಡಿ ಬಾಯಿ ತಕ್ಕೊಂಡೈತಿ?"

"ಕಿಟಕಿ ಇಡಾಕತ್ತೀವ್ರಿ ಅಕ್ಕಾರ."

"ಕಿಟಕಿ ಎಲ್ಲೈತಿ?"

"ಹೊರಗ ಅಂಗಳದಾಗ ನಿಂತೈತಿ."

"ಹಂಗಾರ ಅದು ಒಳಗ ಬರೂತನ ನಾವು ಸಿರುಗುಪ್ಪದಾಗ ಇರ್ತೀವಿ," ಎಂದರು ಬಸಮ್ಮನವರು. "ಹುಡುಗಿ ಬಂದಾತು, ಇನ್ನ ಗೋಡಿಗೆ ಕಬ್ಬಿಣ ಹಚ್ಚಂಗಿಲ್ಲ. ಈ ತೂತಿನ ಮುಂದ ಬಾಣಂತಿ ಮಲಗಂಗಿಲ್ಲ. ನಾಳಿ ಮುಂಜಾನಿ ಬಸ್ಸಿಗೆ ಕರ್ಕೊಂಡು ಹೊಕ್ಕೀನಿ."

ಶಾಂತಾ ನನ್ನ ಕಡೆ ನೋಡಿ, "ಅಪ್ಪಾ, ಕಿಟಕಿ ಅಗ್ಗಕ್ಕ ಸಿಕ್ತೇನು?" ಎಂದು ನಗಿಸಲು ನೋಡಿದಳು. ಯಾರೂ ನಗಲಿಲ್ಲ. ಗೌರಮ್ಮ ಮಗಳ ಗಂಟನ್ನು ಎದೆಗವಚಿಕೊಂಡು ನಿಂತವಳು ಅದನ್ನು ಒಳಗಿಡಬೇಕೋ ವಾಪಸು ಕೊಡಬೇಕೋ ತಿಳಿಯದೆ ಹಾಗೇ ನಿಂತಿದ್ದಳು. ನನ್ನ ಹಾರೆ, ಚಾಣ, ಉಳಿ, ಗರಗಸ, ಇಷ್ಟು ದಿನ ಹೊಳಪು ಕೊಟ್ಟ ಅಷ್ಟೂ ಸಂಸಾರ ಗೋಡೆಗೊರಗಿ ಸುಮ್ಮನೆ ನೋಡುತ್ತಿತ್ತು. ಒಂದನ್ನೂ ಮುಟ್ಟುವಂತಿಲ್ಲ.

ವ್ಯಾಪಾರಿಗೆ ಬುದ್ಧಿ ಓಡುವುದು ಕೈ ಕಟ್ಟಿಹಾಕಿದಾಗಲೇ. ನಾನು ನೆಲದ ಮೇಲಿನ ಮಣ್ಣು ನೋಡಿದೆ. ನಮ್ಮ ಕಡೆ ಮಳೆಗಾಲದಲ್ಲಿ ಬೀಳುವ ಗೋಡೆಗಳನ್ನು ಯಾರು ಕಬ್ಬಿಣದಿಂದ ಬೀಳಿಸುತ್ತಾರೆ? ನೀರು ಬೀಳಿಸುತ್ತದೆ. ಆದರೆ ಇದನ್ನು ನಾನು ಹೇಳಿದರೆ ಬೀಗತಿ ಒಪ್ಪುವುದಿಲ್ಲ; ಅವರೇ ಹೇಳಬೇಕು. ಸರಕು ನಿಮಗೆ ಬೇಕಾದಾಗ ಆ ಅಂಗಡಿಯವನ ಮುಂದೆ ಪಕ್ಕದ ಅಂಗಡಿಯನ್ನು ಹೊಗಳಿ, ಇದು ಎಂದೂ ಸೋಲದ ಉಪಾಯ. ನಾನು ಗೌರಮ್ಮನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ:

"ನಾಳಿ ಬುತ್ತಿ ಕಟ್ಟು ಗೌರಿ. ಅಕ್ಕಾರು ಹೇಳೋದು ಖರೇ ಐತಿ. ಸಿರುಗುಪ್ಪದ ಮಗ್ಗಲಿನ ಹಚ್ಚೊಳ್ಳಿ ಕಡಿ ಹೆಣ್ಣುಮಕ್ಕಳು ಕಬ್ಬಿಣ ಮುಟ್ಟದ ಬರೇ ನೀರಾಗ ಗೋಡಿ ಬಿಚ್ಚತಾರಂತ. ಅಂಥೋರು ನಮ್ಮಲ್ಲಿ ಯಾರದಾರ? ಸಿರುಗುಪ್ಪದಾಗೂ ಇಲ್ಲ ಬಿಡು."

ಬಸಮ್ಮನವರು ಸೆರಗು ಸರಿಮಾಡಿಕೊಳ್ಳುತ್ತಿದ್ದವರು ನಿಲ್ಲಿಸಿದರು. ಒಂದು ಗಳಿಗೆ ಗೌರಮ್ಮನನ್ನು, ಆಕೆಯ ತೋಳಲ್ಲಿದ್ದ ಗಂಟನ್ನು ನೋಡಿದರು. ಆಮೇಲೆ, "ಹಚ್ಚೊಳ್ಳಿಯೋರಿಗೆ ಕಲಿಸಿದೋರು ಯಾರಂತ?" ಎಂದರು. "ಗೌರಮ್ಮಾ, ಗಂಟು ಒಳಗಿಡು. ಎರಡು ಕೊಡ ನೀರು ತಾ. ಒನಕಿ ಐತೇನು?"

ಕಿಂಡಿಯ ಕೆಳಸಾಲಿನ ಮೇಲೆ ನೀರು ಹುಯ್ದರು. ಮಣ್ಣು ಕುಡಿಯಿತು. ಮತ್ತೆ ಹುಯ್ದರು. ಅರ್ಧ ಗಂಟೆಯಲ್ಲಿ ಗೋಡೆಯ ಹೊಟ್ಟೆ ಹಿಟ್ಟಿನ ಹದಕ್ಕೆ ಬಂತು. ಒನಕೆಯಿಂದ ಕಲ್ಲನ್ನು ಮೀಟಬೇಕೆನ್ನುವಾಗ ಗೌರಮ್ಮ ತಡೆದಳು: "ಅಕ್ಕಾರ, ಒನಕಿ ತುದಿಗೆ ಕಬ್ಬಿಣದ ಬಳಿ ಐತಲ್ರಿ!" ಎಲ್ಲರೂ ಒನಕೆಯನ್ನು ನೋಡಿದೆವು. ಬಸಮ್ಮನವರು ಅದನ್ನು ತಲೆಕೆಳಗು ಮಾಡಿ ಮರದ ತುದಿಯನ್ನು ಗೋಡೆಗೆ ಹಚ್ಚಿದರು. "ಹಂಗಾರ ಕಿಟಕಿ ಸರಳು?" ಎಂದು ನಾನು ಬಾಯಿ ಹಾಕಿದೆ. "ಅದು ಸುಮ್ನ ಕುಂತ ಕಬ್ಬಿಣ, ಬಡಿಯೋ ಕಬ್ಬಿಣ ಬ್ಯಾರೆ. ನೀವು ಸರೀರಿ ಆ ಕಡಿಗೆ," ಎಂದು ತೀರ್ಪಾಯಿತು. ಶಾಸ್ತ್ರಗ್ರಂಥಗಳಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿರಲಾರರು.

ಕಲ್ಲುಗಳು ಹಣ್ಣಿನೊಳಗಿನ ಬೀಜದಂತೆ ಒಂದೊಂದಾಗಿ ಜಾರಿ ಬಂದವು. ನಾನೂ ರಸೂಲ್ ಸಾಬನೂ ಕಿಟಕಿ ಎತ್ತಿ ಕೂಡಿಸಿದೆವು. ಸೌದೆಯ ಚಕ್ಕೆಗಳನ್ನು ಬೆಣೆಯಾಗಿ ಕೈಯಿಂದಲೇ ಒತ್ತಿದೆವು. ಬಸಮ್ಮನವರು ಹುಲ್ಲು, ಸೆಗಣಿ ಕಲಸಿದ ಮಣ್ಣು ಮೆತ್ತುತ್ತ ಮೇಲಿನಿಂದ ಬಂದರು, ಗೌರಮ್ಮ ಕೆಳಗಿನಿಂದ ಹೋದಳು. "ನಿಮ್ಮ ಬಳ್ಳಾರಿ ಮಣ್ಣಿಗೆ ಅಂಟ ಇಲ್ಲ" "ನಿಮ್ಮ ಸಿರುಗುಪ್ಪದೋರಿಗೆ ನೀರಿನ ಅಂದಾಜ ಇಲ್ರಿ ಅಕ್ಕಾರ" ಎಂದು ಇಬ್ಬರೂ ಮೊಣಕೈವರೆಗೆ ಕೆಸರಾಗಿ ವಾದಿಸುತ್ತಿದ್ದರು. ಶಾಂತಾ ಚಾಪೆಯ ಮೇಲೆ ಕಾಲು ಚಾಚಿ ಕೂತು ಹುರಿದ ಶೇಂಗಾ ತಿನ್ನುತ್ತ ಇಬ್ಬರಿಗೂ ತಪ್ಪು ತೋರಿಸುತ್ತಿದ್ದಳು. ಸಂಜೆಯ ಬಿಸಿಲು ಸರಳುಗಳ ನಡುವಿನಿಂದ ಬಂದು ಅವಳ ಮಡಿಲಲ್ಲಿ ಬಿದ್ದಿತ್ತು.

ಗೆದ್ದೆ ಎಂದುಕೊಂಡು ಕೈ ತೊಳೆಯಲು ಹಿತ್ತಲಿಗೆ ಹೋದೆ. ಬಸಮ್ಮನವರೂ ಅಲ್ಲೇ ಇದ್ದರು.

"ಬೀಗರ, ನೀವು ಹಚ್ಚೊಳ್ಳಿಗೆ ಯಾವಾಗ ಹೋಗಿದ್ರಿ?"

"ಹೋಗಿಲ್ರಿ," ಎಂದೆ.

"ಗೊತ್ತಿತ್ತು ಬಿಡ್ರಿ. ನಾನು ಕೈ ಹಚ್ಚಿದ್ದು ನಿಮ್ಮ ಮಾತಿಗಲ್ಲ, ಆಕಿ ಗಂಟು ಹಿಡ್ಕೊಂಡು ನಿಂತಿದ್ಲಲ್ಲ, ಅದಕ್ಕ." ಮುಖಕ್ಕೆ ನೀರು ಹಾಕಿಕೊಂಡು ಒಳಗೆ ಹೋಗುತ್ತ ತಿರುಗಿ ಹೇಳಿದರು: "ಆದ್ರ ಹಸಿ ಗೋಡಿ ಬಿಟ್ಟು ಹೋಗಂಗಿಲ್ಲ. ಒಣಗೂತನ ನಾನೂ ಇಲ್ಲೇ ಇರ್ತೀನಿ."

ನಮ್ಮ ಬಳ್ಳಾರಿಯ ಬಿಸಿಲು ನಿಮಗೆ ಗೊತ್ತು. ಇಲ್ಲಿ ಮೆತ್ತಿದ ಮಣ್ಣು ನಾಲ್ಕು ದಿನಕ್ಕೆ ಕಲ್ಲಾಗುತ್ತದೆ. ಆ ಗೋಡೆ ಮಾತ್ರ ಒಣಗಲಿಲ್ಲ. ದಿನಾ ಬೆಳಿಗ್ಗೆ ಬಸಮ್ಮನವರು ಕಿಟಕಿಯ ಸುತ್ತ ಅಂಗೈ ಒತ್ತಿ ನೋಡಿ, "ಇನ್ನೂ ಹಸಿ ಐತಿ," ಎನ್ನುವರು. ಅವರ ಹಿಂದೆಯೇ ಗೌರಮ್ಮ ಒತ್ತಿ ನೋಡಿ, "ಹೌದ್ರಿ ಅಕ್ಕಾರ, ಹಸೀನ ಐತಿ," ಎನ್ನುವಳು. ಒಬ್ಬರು ನೀರು ಕಾಯಿಸಿದರೆ ಇನ್ನೊಬ್ಬರು ಎಣ್ಣೆ ಕಾಯಿಸುವರು. ಒಬ್ಬರು ಬೈದರೆ ಇನ್ನೊಬ್ಬರು ತಿರುಗಿ ಬೈಯುವರು. ನಾನು ನನ್ನ ಹತಾರಗಳಿಗೆ ಎಣ್ಣೆ ಸವರಿ ಮೂಲೆಗೊರಗಿಸಿ, ಅಂಗಡಿಗೆ ಹೋಗಿ ಕೂರುತ್ತಿದ್ದೆ. ಹುಣ್ಣಿಮೆ ಕಳೆಯಿತು, ಇನ್ನೊಂದು ಹುಣ್ಣಿಮೆಯೂ ಕಳೆಯಿತು. ಆ ಕಿಟಕಿಯ ಕೆಳಗೇ ಮೊಮ್ಮಗಳು ಹುಟ್ಟಿದಳು. ಹೊಗೆ ಹೋಗಲು ದಾರಿಯಿತ್ತು, ಬೆಳಕು ಬರಲು ದಾರಿಯಿತ್ತು, ಆಕೆಯ ಅಳು ಓಣಿಯ ತುದಿಗೆ ಹೋಗಲೂ ದಾರಿಯಿತ್ತು.

ತೊಟ್ಟಿಲ ಶಾಸ್ತ್ರ ಮುಗಿದ ಮಾರನೆಯ ದಿನ ಬಸಮ್ಮನವರು ತಮ್ಮ ಕೈಚೀಲ ತುಂಬಿ ಬಾಗಿಲಿಗೆ ತಂದಿಟ್ಟರು. ಕಿಟಕಿಯ ಹತ್ತಿರ ಹೋಗಿ, ಗೋಡೆಗೆ ಅಂಗೈ ಒತ್ತಿ, "ಈಗ ಒಣಗೇತಿ ನೋಡ್ರಿ," ಎಂದರು. ಗೌರಮ್ಮ ಮಗುವನ್ನೆತ್ತಿಕೊಂಡು ನಿಂತಿದ್ದಳು, ಈ ಸಲ ಏನೂ ಹೇಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ನಾನು ಎದ್ದುಹೋಗಿ ಗೋಡೆ ಮುಟ್ಟಿದೆ. ಬಿಸಿಲಿಗೆ ಕಾದು ರೊಟ್ಟಿಯ ಹೆಂಚಿನಂತಾಗಿತ್ತು.

"ಎಲ್ಲಿ ಒಣಗೇತ್ರಿ ಅಕ್ಕಾರ," ಎಂದೆ. "ಈ ಮೂಲಿ ಇನ್ನೂ ಹಸಿ ಐತಲ್ಲ!"